ಗೂಟ, ಹಗ್ಗ, ಗಾಳಿ

ಕಲಬುರಗಿಯವರು ಎಂದು ಹೇಳಿಕೊಂಡರೆ ಸಾಕು, ಬೆಂಗಳೂರು ಮೈಸೂರಿನ ಕಡೆಯವರು ಮೊದಲು ಕೇಳುವುದು ಬಿಸಿಲಿನ ಸುದ್ದಿ. “42, 43 ಡಿಗ್ರಿ ಅಂತಾರಲ್ಲ, ಹೇಗಿರ್ತೀರಿ ಅಲ್ಲಿ?” ಎಂದು ಕನಿಕರದಿಂದ ಮುಖ ನೋಡುತ್ತಾರೆ. ಬಿಸಿಲಿನದೇನು, ಅದು ಹೇಳಿ ಕೇಳಿ ಬರುವ ಬೀಗರಂತೆ. ಬರುವ ತಿಂಗಳು ಗೊತ್ತು, ಇರುವ ದಿನ ಗೊತ್ತು, ಏನು ಕೊಟ್ಟರೆ ಸಮಾಧಾನ ಎಂಬುದೂ ಗೊತ್ತು. ಗಡಿಗೆಯ ನೀರು, ತಿಳಿ ಮಜ್ಜಿಗೆ, ಹನ್ನೆರಡು ಗಂಟೆಯೊಳಗೆ ಮುಚ್ಚಿದ ಬಾಗಿಲು. ಇಷ್ಟಾದರೆ ದಿನ ಸಾಗುತ್ತದೆ. ನಮ್ಮನ್ನು ಕಂಗೆಡಿಸುವುದು ಗಾಳಿ. ಅದರ ಸುದ್ದಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಯುಗಾದಿ ದಾಟಿ ಅಡ್ಡಮಳೆಯ ದಿನಗಳು ಬಂದವೆಂದರೆ ಸಂಜೆ ನಾಲ್ಕರ ಮೇಲೆ ಆಕಾಶ ನೋಡುವುದು ನಮಗೆ ಅಭ್ಯಾಸ. ಮೊದಲು ಒಂದೆಲೆಯೂ ಅಲ್ಲಾಡುವುದಿಲ್ಲ. ಮೈಗೆ ಬೆವರು ಅಂಟಿಕೊಳ್ಳುತ್ತದೆ. ಒಂದು ಮೂಲೆಯಲ್ಲಿ ಕಪ್ಪು ಮೋಡ ಬೆಟ್ಟದಂತೆ ಏಳುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತಂಪಾದ ಗಾಳಿಯ ಒಂದು ಅಲೆ ಮುಖಕ್ಕೆ ಬಂದು ಬಡಿಯುತ್ತದೆ. ಮೋಡದೊಳಗಿನ ಮಳೆ ಬೀಳುತ್ತಾ ಗಾಳಿಯನ್ನು ತಣ್ಣಗೆ ಮಾಡುತ್ತದೆ, ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಕುಸಿದು ನೆಲದ ಮೇಲೆ ನಾಲ್ಕೂ ಕಡೆಗೆ ಹರಡಿಕೊಳ್ಳುತ್ತದೆ. ಅದಕ್ಕೇ ಮಳೆಯ ಹನಿಗಿಂತ ಮೊದಲು ಗಾಳಿ ಬರುತ್ತದೆ. ಬರುವಾಗ ಬಯಲಿನ ಮಣ್ಣನ್ನೆಲ್ಲ ಎತ್ತಿಕೊಂಡೇ ಬರುತ್ತದೆ.

ಕೋಟನೂರಿನಲ್ಲಿ ನಮ್ಮ ಮನೆ ಇರುವುದು ಊರು ಮುಗಿದು ಬಯಲು ಸುರುವಾಗುವ ಕಡೆ. ತೊಗರಿ, ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಪ್ಲಾಟುಗಳಾಗಿವೆ. ಕೆಲವು ಪ್ಲಾಟಿನಲ್ಲಿ ಮನೆ ಎದ್ದಿದೆ, ಕೆಲವು ಜಾಲಿ ಬೆಳೆದು ಹಾಗೇ ಬಿದ್ದಿವೆ. ತಡೆಯುವ ಮರವಿಲ್ಲ, ಗೋಡೆಯಿಲ್ಲ. ಗಾಳಿಗೆ ಇಲ್ಲಿ ರಾಜಮಾರ್ಗ.

1805ರಲ್ಲಿ ಫ್ರಾನ್ಸಿಸ್ ಬ್ಯೂಫರ್ಟ್ ಎಂಬ ಬ್ರಿಟಿಷ್ ನೌಕಾಧಿಕಾರಿ ಗಾಳಿಯ ಬಲವನ್ನು ಸೊನ್ನೆಯಿಂದ 12ರವರೆಗೆ ಎಣಿಸುವ ಒಂದು ಲೆಕ್ಕ ಹಾಕಿಕೊಟ್ಟ. ಅವನದು ಹಡಗಿನ ಹಾಯಿಯ ಲೆಕ್ಕ. ಮುಂದೆ ಅದಕ್ಕೆ ನೆಲದ ಮೇಲಿನ ಗುರುತುಗಳೂ ಸೇರಿದವು. ಕೊಡೆ ಹಿಡಿಯುವುದು ಕಷ್ಟವಾದರೆ 6 ಎನ್ನುತ್ತಾರೆ, ಗಂಟೆಗೆ ಸುಮಾರು 40ರಿಂದ 50 ಕಿಲೋಮೀಟರು. ನಡೆಯುವುದೇ ಕಷ್ಟವಾದರೆ 7. ಕೊಂಬೆ ಮುರಿದು, ಹಂಚು ಹಾರುವ ಹೊತ್ತಿಗೆ ಎಂಟು ಒಂಬತ್ತು. ಇದನ್ನು ಓದಿದಾಗ ನನಗೆ ನಗು ಬಂತು. ಹಡಗು ಕಾಣದ ನಮ್ಮ ಮನೆಯಲ್ಲೂ ಇಂಥದೊಂದು ಲೆಕ್ಕ ಇದ್ದೇ ಇದೆ. ರಂಗೋಲಿ ಪುಡಿ ಬೆರಳ ಸಂದಿಯಿಂದ ಓರೆಯಾಗಿ ಬಿದ್ದರೆ ಅದು ಒಂದನೆಯ ಗಾಳಿ. ಹಗ್ಗದ ಮೇಲಿನ ಸೀರೆ ಉಬ್ಬಿದರೆ ಎರಡನೆಯದು. ಒಣಹಾಕಿದ ಸಂಡಿಗೆಯ ಬಟ್ಟೆ ತುದಿ ಮಗುಚಿದರೆ ಎದ್ದು ಓಡಬೇಕು. ಮಾಳಿಗೆಯ ಮೇಲಿನ ಪತ್ರಾ ಒಮ್ಮೆ ‘ಠಣ್’ ಎಂದರೆ ಮಕ್ಕಳನ್ನು ಒಳಗೆ ಕರೆಯಬೇಕು. ಪತ್ರಾ ಸದ್ದು ನಿಲ್ಲಿಸಿತೆಂದರೆ ಅದು ಹಾರಿ ಹೋಗಿದೆ ಎಂದೇ ಅರ್ಥ.

ಗೋಡೆ ಇರುವ ಮನೆಯ ಮಾತೇ ಹೀಗಾದರೆ ಬಟ್ಟೆಯ ಮನೆಯ ಗತಿ ಏನು? ಗುಡಾರ, ಡೇರೆ, ತಂಬು, ಶಾಮಿಯಾನ, ಹಂದರ ಎಂದು ಎಷ್ಟು ಹೆಸರುಗಳು ನಮ್ಮಲ್ಲಿ! ಕೆಲವು ನಮ್ಮವು, ಕೆಲವು ಪಾರಸಿಯ ದಾರಿಯಿಂದ ಬಂದವು. 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ದಂಡು ಹೊರಟಾಗ ಗುಡಾರದಲ್ಲಿ ಮಲಗಿ ಗಾಳಿಯ ರುಚಿ ನೋಡಿದವರೇ ಅವರು. ಕೋಟೆಯೊಳಗೆ 1367ರಲ್ಲಿ ಎದ್ದ ಜಾಮಾ ಮಸೀದಿಯಲ್ಲಿ ನಡುವೆ ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಳಿಗೆ. ಅದನ್ನು ನೋಡಿದಾಗಲೆಲ್ಲ, ಈ ಊರಿನ ಗಾಳಿ ಧೂಳು ಅವರಿಗೂ ಸಾಕಾಗಿತ್ತೇನೋ ಎಂದು ನನ್ನಷ್ಟಕ್ಕೆ ಅಂದುಕೊಳ್ಳುತ್ತೇನೆ. ಇಂದಿಗೂ ಹೋಳಿ ಹುಣ್ಣಿಮೆಯಾಗಿ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆದ ಮೇಲೆ, ಜಾತ್ರೆಯ ಬಳೆಯಂಗಡಿ, ಮಿಠಾಯಿ ಅಂಗಡಿಗಳೆಲ್ಲ ತಾಡಪತ್ರಿಯ ಕೆಳಗೇ ದಿನ ಕಳೆಯುತ್ತವೆ. ಸುಗ್ಗಿ ಮುಗಿದ ಹೊಲಕ್ಕೆ ಕುರಿ ಹೊಡೆದುಕೊಂಡು ಬರುವವರ ಸಂಸಾರ ಕುದುರೆಯ ಬೆನ್ನ ಮೇಲೆ ಬಂದು, ನಾಲ್ಕು ಕೋಲು ಒಂದು ಕಂಬಳಿಯ ಕೆಳಗೆ ಇಳಿಯುತ್ತದೆ.

ಗುಡಾರ ಕಟ್ಟುವುದು ಒಂದು ವಿದ್ಯೆ ಎಂದು ನನಗೆ ತಿಳಿದದ್ದು ನಾದಿನಿಯ ಮಗಳ ಮದುವೆಯಲ್ಲಿ. ಮೇ ತಿಂಗಳ ಮದುವೆ. ಮನೆಯ ಮುಂದೆ ಹಂದರ ಹಾಕಲು ಒಬ್ಬ ಚಾಚಾ ಬಂದರು. ನಲವತ್ತು ವರ್ಷದಿಂದ ಅದೇ ಕೆಲಸ. ನಾವು ಹೆಂಗಸರು ಬಾಗಿಲು ಯಾವ ಕಡೆ ಇರಲಿ, ಬೀಗರು ಎಲ್ಲಿಂದ ಬರಲಿ ಎಂದು ಚರ್ಚಿಸುತ್ತಿದ್ದರೆ ಅವರು ಅಂಗಳದ ನಡುವೆ ನಿಂತು ಒಂದು ಹಿಡಿ ಮಣ್ಣು ತೂರಿ ನೋಡಿದರು.

“ಅಮ್ಮಾರ, ಗಾಳಿ ಯಾವ ಕಡಿಂದ ಬರ್ತದ ಅಂಬೋದು ಮೊದಲ ನೋಡಮು. ಬೀಗ್ರು ಯಾವ ಕಡಿಂದ ಬರ್ತಾರ ಅಂಬೋದು ಆಮ್ಯಾಲ.”

ಚಾಚಾ ಮೊದಲು ಹೊಡೆಸಿದ್ದು ಗಾಳಿ ಬರುವ ದಿಕ್ಕಿನ ಗೂಟಗಳನ್ನು. ಗೂಟವನ್ನು ನೆಟ್ಟಗೆ ಹೊಡೆಯಲಿಲ್ಲ. ಅದರ ತಲೆ ಹಂದರದಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆದರು. ಹಗ್ಗ ಎಳೆದಷ್ಟೂ ಅದು ನೆಲವನ್ನು ಕಚ್ಚಬೇಕು. ನೆಟ್ಟಗಿದ್ದರೆ ಜಗ್ಗಿ ಜಗ್ಗಿ ಮೇಲಕ್ಕೆ ಬರುತ್ತದೆ. ಹಗ್ಗವನ್ನು ಕಂಬದ ಬುಡಕ್ಕೆ ಕಟ್ಟದೆ ಅಷ್ಟು ದೂರ ಎಳೆದು ಕಟ್ಟಿದರು. ಹಾದುಹೋಗುವವರಿಗೆ ಕಾಲಿಗೆ ತೊಡರುತ್ತದೆ ಎಂದು ನಮ್ಮವರು ಗೊಣಗಿದಾಗ, “ಕಾಲಿಗಿ ತೊಡ್ರಿದ್ರ ಒಬ್ಬ ಬೀಳ್ತಾನ್ರಿ, ಹಂದರ ಬಿದ್ರ ನೂರು ಮಂದಿ” ಎಂದು ಪ್ರತಿ ಹಗ್ಗಕ್ಕೂ ಬಣ್ಣದ ಚಿಂದಿ ಕಟ್ಟಿಸಿದರು. ಫರ್ಸಿ ಹಾಸಿದ ಕಡೆ ಗೂಟ ಇಳಿಯುವುದಿಲ್ಲವಲ್ಲ, ಅಲ್ಲಿ ಉಸುಕಿನ ಚೀಲಗಳನ್ನೂ ನೀರು ತುಂಬಿದ ಡ್ರಮ್ಮುಗಳನ್ನೂ ಇಡಿಸಿದರು. ಕರೆಂಟಿನ ಕಂಬಕ್ಕೆ ಒಂದು ಹಗ್ಗ ಬಿಗಿಯಲು ಹೋದ ಹುಡುಗನನ್ನು ಗದರಿ ಕರೆದರು.

ಅರಿಷಿಣದ ದಿನ ಸಂಜೆ ಗಾಳಿ ಬಂದೇಬಿಟ್ಟಿತು. ಸುರಿಗಿಯ ಸುತ್ತ ಕೂತವರೆಲ್ಲ ಎದ್ದು, ಒಳಗೆ ಮಣ್ಣು ಬರುತ್ತದೆ, ಕನಾತು ಬಿಗಿದು ಕಟ್ಟಿರಿ ಎಂದು ಕೂಗಿದರು. ಚಾಚಾ ಮಾತ್ರ ಓಡಿ ಬಂದು, “ಕನಾತ ಬಿಚ್ರೋ, ಎಲ್ಲಾ ಬಿಚ್ರಿ!” ಎಂದರು. ಎರಡು ನಿಮಿಷದಲ್ಲಿ ಸುತ್ತಲಿನ ಪರದೆಗಳೆಲ್ಲ ಸುತ್ತಿಕೊಂಡು ಮೇಲೇರಿದವು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಯಿತು. ಮದುಮಗಳ ಮುಖದ ಅರಿಷಿಣಕ್ಕೆ ಧೂಳು ಮೆತ್ತಿತೇ ಹೊರತು ಹಂದರ ಕದಲಲಿಲ್ಲ. ಎದುರಿನ ಪರದೆ ತೆರೆದು ಹಿಂದಿನದು ತೆರೆಯದಿದ್ದರೆ ಗಾಳಿ ಒಳಗೆ ತುಂಬಿ ಮಾಡನ್ನೇ ಎತ್ತುತ್ತದಂತೆ. ಗಾಳಿಯ ವೇಗ ಎರಡರಷ್ಟಾದರೆ ಅದು ನೂಕುವ ಬಲ ನಾಲ್ಕರಷ್ಟಾಗುತ್ತದೆ ಎಂದು ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮೈದುನ ವಿವರಿಸಿದ. ಚಾಚಾ ಆ ಪಾಠ ಓದಿದವರಲ್ಲ. ಅದೇ ವಾರ ಇನ್ನೊಂದು ಓಣಿಯಲ್ಲಿ ಹಂದರವೊಂದು ಕಬ್ಬಿಣದ ಕಂಬಗಳ ಸಮೇತ ಎದ್ದು ಊಟಕ್ಕೆ ಕೂತವರ ಮೇಲೆ ಬಿತ್ತೆಂದು ಕೇಳಿದಾಗ ಅವರು ತಲೆ ಅಲ್ಲಾಡಿಸಿ, “ಮುಚ್ಚಿಟ್ಟಿರ್ಬೇಕು” ಎಂದಷ್ಟೇ ಅಂದರು.

ಈ ಮದುವೆಯ ಸಂಗತಿಯನ್ನು ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಇರುವುದು ಮಿನ್ನೆಸೋಟ ಎಂಬ ರಾಜ್ಯದಲ್ಲಿ. ಅಲ್ಲಿನ ಮೋಟಾರುಗಳ ನಂಬರ್ ಪ್ಲೇಟಿನ ಮೇಲೆಯೇ ಹತ್ತು ಸಾವಿರ ಕೆರೆಗಳ ನಾಡು ಎಂದು ಬರೆದಿರುತ್ತದೆಯಂತೆ. ಚಳಿಗಾಲದಲ್ಲಿ ಆ ಕೆರೆಗಳೆಲ್ಲ ಹೆಪ್ಪುಗಟ್ಟಿ ನೆಲದಂತಾಗುತ್ತವೆ. ಜನ ಅದರ ಮೇಲೆ ನಡೆದು ಹೋಗಿ, ದೊಡ್ಡ ಬೈರಿಗೆಯಿಂದ ಮಂಜುಗಡ್ಡೆಗೆ ತೂತು ಕೊರೆದು, ಅದರೊಳಗೆ ಗಾಳ ಬಿಟ್ಟು ಮೀನು ಹಿಡಿಯುತ್ತಾರೆ. ಚಳಿಗೆ ಅಡ್ಡವಾಗಿ ಮಡಚುವ ಗುಡಾರ ಒಯ್ಯುತ್ತಾರೆ. ಕೊಡೆಯಂತೆ ಬಿಚ್ಚಿದರೆ ಒಂದು ಕೋಣೆ, ಮಡಚಿದರೆ ಒಂದು ಚೀಲ. ರವಿವಾರವಾದರೆ ನನ್ನ ಅಳಿಯನಿಗೂ ಅದೇ ಹುಚ್ಚು.

ಮೀನಿನ ಹೆಸರೂ ಎತ್ತದ ಮನೆ ನಮ್ಮದು. ನನ್ನ ಅತ್ತೆ ಕೇಳಿ ಗಲ್ಲಕ್ಕೆ ಕೈಯಿಟ್ಟರು. ಹುಡುಗಿ ನಕ್ಕು, “ನಾ ಮೀನ ಹಿಡ್ಯಂಗಿಲ್ಲ ದೊಡ್ಡವ್ವ, ಗುಡಾರ ಹಿಡೀತೀನಿ” ಎಂದಳು.

ಅದು ಬರೀ ತಮಾಷೆಯ ಮಾತಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ಮರವಿಲ್ಲ, ದಿಬ್ಬವಿಲ್ಲ. ನೆಲವೋ ಗಾಜಿನಂತೆ ನುಣುಪು. ಬಿಚ್ಚಿದ ಗುಡಾರ ಗಾಳಿಗೆ ಹಾಯಿಯಾಗುತ್ತದೆ. ಒಳಗೆ ಮನುಷ್ಯರಿದ್ದರೂ ಜಾರಿಕೊಂಡು ಹೋಗುತ್ತದೆ. ಅದಕ್ಕೆ ಅವರೂ ಬಿಚ್ಚುವ ಮೊದಲೇ ಗಾಳಿ ಬರುವ ಕಡೆಯ ಮೂಲೆಯನ್ನು ಬಂಧಿಸುತ್ತಾರೆ, ಆಮೇಲೆ ಉಳಿದದ್ದನ್ನು ಅರಳಿಸುತ್ತಾರೆ. ಅವರ ಗೂಟಕ್ಕೆ ಸ್ಕ್ರೂವಿನ ಹಲ್ಲು ಇರುತ್ತದೆ. ಮಂಜುಗಡ್ಡೆಯೊಳಗೆ ತಿರುಗಿಸಿ ತಿರುಗಿಸಿ ಇಳಿಸಬೇಕು. ಗೋಡೆಯ ನಡುವಿನಿಂದಲೂ ಹಗ್ಗ ಎಳೆದು ಕಟ್ಟುತ್ತಾರೆ, ಇಲ್ಲವಾದರೆ ಗೋಡೆ ಒಳಕ್ಕೆ ಮಡಚಿಕೊಳ್ಳುತ್ತದೆ. ಬಾಗಿಲು ಗಾಳಿಗೆ ಬೆನ್ನು ಮಾಡಿರಬೇಕು. ಗುಡಾರದ ಕೆಳಗೆ ಲಂಗದ ಅಂಚಿನಂತೆ ಬಟ್ಟೆ ಬಿಟ್ಟಿರುತ್ತದೆ, ಅದರ ಮೇಲೆ ಸುತ್ತಲೂ ಹಿಮ ಬಗೆದು ಹಾಕಿ ತುಳಿಯುತ್ತಾರೆ. ಬಿಚ್ಚುವಾಗ ಎಲ್ಲ ತಿರುವು ಮುರುವು. ಗಾಳಿ ಕಡೆಯ ಗೂಟ ಕಟ್ಟಕಡೆಗೆ. ಒಳಗೆ ಗ್ಯಾಸಿನ ಒಲೆ ಹಚ್ಚಿದ್ದರೆ ಮೇಲಿನ ಕಿಂಡಿ ತೆರೆದೇ ಇರಬೇಕು, ಇಲ್ಲದಿದ್ದರೆ ವಾಸನೆಯಿಲ್ಲದ ವಿಷಗಾಳಿ ತುಂಬಿ ಮಲಗಿದವರು ಏಳುವುದಿಲ್ಲ.

“ಚಾಚಾನ್ನ ಇಲ್ಲಿಗಿ ಕಳಸ್ರಿ ದೊಡ್ಡವ್ವ, ಚೊಲೋ ಪಗಾರ ಸಿಗ್ತದ” ಎಂದಳು ಹುಡುಗಿ.

ನಕ್ಕೆವು. ಆದರೆ ಅಲ್ಲಿನ ಆಟದಲ್ಲೂ ಜೀವದ ಭಯ ಇಲ್ಲದಿಲ್ಲ. ಹೊಸ ಗಟ್ಟಿ ಮಂಜುಗಡ್ಡೆ ನಾಲ್ಕು ಅಂಗುಲವಾದರೂ ದಪ್ಪ ಇಲ್ಲದೆ ಅದರ ಮೇಲೆ ಕಾಲಿಡಬೇಡಿ ಎಂದು ಅಲ್ಲಿನ ಸರಕಾರ ಹೇಳುತ್ತದೆ. 2023ರ ಡಿಸೆಂಬರಿನಲ್ಲಿ ಅಪ್ಪರ್ ರೆಡ್ ಲೇಕ್ ಎಂಬ ಕೆರೆಯಲ್ಲಿ ಮಂಜುಗಡ್ಡೆಯ ದೊಡ್ಡ ಹಾಸು ದಂಡೆಯಿಂದ ಕಿತ್ತುಕೊಂಡು, ಮೀನು ಹಿಡಿಯಲು ಹೋಗಿದ್ದ ನೂರಕ್ಕೂ ಹೆಚ್ಚು ಜನ ನೀರಿನ ನಡುವೆ ಸಿಕ್ಕಿಬಿದ್ದರು. ಎಲ್ಲರನ್ನೂ ಪಾರು ಮಾಡಿದರು. ಆ ಸುದ್ದಿ ಬಂದ ದಿನ ನನ್ನ ತಂಗಿ ಇಲ್ಲಿ ಊಟ ಬಿಟ್ಟು ಕೂತಿದ್ದಳು, ಮಗಳು ಅಳಿಯ ಆ ಕೆರೆಗೆ ಹೋಗಿರಲಿಲ್ಲ ಎಂದು ತಿಳಿಯುವತನಕ.

ಆಟವಾದರೆ ಗಾಳಿ ಹೆಚ್ಚಾದ ದಿನ ಮನೆಗೆ ಹೋಗಬಹುದು. ಹಬ್ಬವಾದರೆ ಪರದೆ ಬಿಚ್ಚಿ ಒಳಗೆ ಓಡಬಹುದು. ಬಟ್ಟೆಯೇ ಮನೆಯಾದವರು ಎಲ್ಲಿಗೆ ಹೋಗಬೇಕು?

ನಮ್ಮ ಪಕ್ಕದ ಪ್ಲಾಟಿನಲ್ಲಿ ಮನೆ ಕಟ್ಟುವ ಕೆಲಸ ಸುರುವಾದಾಗ ಕಮಲಾಪುರದ ಕಡೆಯ ತಾಂಡಾದಿಂದ ಗಂಡ ಹೆಂಡತಿ ಬಂದು ಇಳಿದರು. ಹಗಲು ಗೌಂಡಿಯ ಕೈಕೆಳಗೆ ಕೆಲಸ, ರಾತ್ರಿ ಸಿಮೆಂಟು ಸರಳಿನ ಕಾವಲು. ಜೊತೆಗೆ ನಾಲ್ಕು ತಿಂಗಳ ಕೂಸು. ಇಟ್ಟಿಗೆಯ ರಾಶಿಗೆ ಆನಿಸಿ ನಾಲ್ಕು ಬಿದಿರು, ಒಂದು ನೀಲಿ ತಾಡಪತ್ರಿ. ಅದೇ ಮನೆ. 1996ರಲ್ಲಿ ಕೇಂದ್ರ ಸರಕಾರ ಕಟ್ಟಡ ಕಾರ್ಮಿಕರಿಗಾಗಿ ಮಾಡಿದ ಕಾಯ್ದೆಯಲ್ಲಿ, ಕೆಲಸ ನಡೆಯುವಷ್ಟು ದಿನ ಅವರಿಗೆ ಬಾಡಿಗೆಯಿಲ್ಲದೆ ಇರಲು ಜಾಗ ಕೊಡಬೇಕು, ಅಡಿಗೆಗೆ, ಸ್ನಾನಕ್ಕೆ ಬೇರೆ ಅನುಕೂಲ ಇರಬೇಕು ಎಂದು ಬರೆದರು. ನಮ್ಮಂಥವರು ಕಟ್ಟಿಸುವ ಸಣ್ಣ ಮನೆಗಳು ಅದರ ಲೆಕ್ಕಕ್ಕೆ ಬರಲಿಲ್ಲ. ಊರಿನಲ್ಲಿ ಏಳುವ ಮನೆಗಳಲ್ಲಿ ಹೆಚ್ಚಿನವು ಇಂಥ ಸಣ್ಣ ಮನೆಗಳೇ.

ಆಕೆಯ ಗುಡಾರ ಕಟ್ಟುವ ಕೆಲಸವನ್ನು ನಾನು ಹಿತ್ತಲಿನಿಂದ ನೋಡಿದ್ದೆ. ಬೇಸಿಗೆಯಲ್ಲಿ ಎರೆಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ಹೊಡೆದ ಗೂಟ ಮುದುಕರ ಹಲ್ಲಿನಂತೆ. ಮಳೆ ಬಿದ್ದರೋ ಅದೇ ಮಣ್ಣು ಬೆಣ್ಣೆಯಾಗುತ್ತದೆ, ಗೂಟ ತಾನಾಗಿ ಜಾರಿ ಬರುತ್ತದೆ. ಆಕೆ ಗೂಟವನ್ನೇ ಹೊಡೆಯಲಿಲ್ಲ. ಬುನಾದಿ ತೆಗೆದಾಗ ಬಂದ ದೊಡ್ಡ ಕಲ್ಲುಗಳನ್ನು ಆರಿಸಿ, ಸರಳು ಬಿಗಿಯುವ ತಂತಿಯನ್ನು ನಾಲ್ಕೆಳೆ ಹೊಸೆದು ಕಲ್ಲಿಗೆ ಸುತ್ತಿ, ಎರಡು ಮೊಳ ಗುಂಡಿ ತೋಡಿ ಹುಗಿದಳು. ಮೇಲೆ ಗರಸು ಹಾಕಿ, ನೀರು ಹೊಡೆದು ತುಳಿದಳು. ಉಂಗುರದಷ್ಟು ತಂತಿ ಮಾತ್ರ ನೆಲದ ಮೇಲೆ ಉಳಿಯಿತು. ಹಗ್ಗ ಕಟ್ಟಿದ್ದು ಅದಕ್ಕೆ.

“ಇಷ್ಟ್ಯಾಕ ಆಳ ತೋಡ್ಲತ್ತೀಯವ್ವ? ನಾಕ ದಿನದ ಮನಿ” ಎಂದು ನನ್ನ ಅತ್ತೆ ಕೇಳಿದರು.

“ಮನಿ ನಾಕ ದಿನಂದೇ ಅಮ್ಮಾ, ಗಾಳಿ ಒಂದಿನ ಬಂದ್ರ ಸಾಕಲ್ಲ” ಎಂದಳು.

ಆ ಒಂದು ದಿನ ಬಂತು. ಹೋದ ಮೇ ತಿಂಗಳು, ದೀಪ ಹಚ್ಚುವ ಹೊತ್ತು. ಆಕೆಯ ಗಂಡ ಸಾಮಾನು ತರಲು ಊರೊಳಗೆ ಹೋಗಿದ್ದ. ಕರೆಂಟು ಹೋಯಿತು. ಮಣ್ಣಿನ ಗೋಡೆಯೊಂದು ನಡೆದುಕೊಂಡು ಬಂದಂತೆ ಧೂಳು ಬಂತು. ನಾನು ಹಿತ್ತಲ ಬಾಗಿಲಿಗೆ ಬಂದಾಗ ಆಕೆ ಕಂಪೌಂಡಿನ ಆಚೆ ನಿಂತಿದ್ದಳು. “ಯಕ್ಕಾ, ಕೂಸಿನ ಹಿಡೀರಿ” ಎಂದು ಸೀರೆಯಲ್ಲಿ ಸುತ್ತಿದ ಗಂಟನ್ನು ಗೋಡೆಯ ಮೇಲಿಂದ ನನ್ನ ಕೈಗಿಟ್ಟಳು. “ನೀನೂ ಬಾ ಒಳಗ, ಸುತ್ತಿ ಬಾ ಲಗೂನ” ಎಂದು ಕೂಗಿದೆ. “ಜ್ವಾಳ ತೊಯ್ತಾವ” ಎನ್ನುತ್ತ ತಿರುಗಿದಳು.

ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತೆ. ಮಿಂಚು ಹೊಡೆದಾಗಲೊಮ್ಮೆ ಆಕೆ ಕಾಣುತ್ತಿದ್ದಳು, ಮರುಗಳಿಗೆ ಕತ್ತಲು. ಒಮ್ಮೆ ಬಿದಿರು ಎಳೆಯುತ್ತಿದ್ದಳು. ಇನ್ನೊಮ್ಮೆ ಗುಡಾರವೇ ಕಾಣಲಿಲ್ಲ. ಹಾರಿ ಹೋಯಿತು, ಅದರ ಜೊತೆಗೆ ಈಕೆಯೂ ಹೋದಳು ಎಂದು ನನ್ನ ಕೈಕಾಲು ತಣ್ಣಗಾದವು. ಯಾರ ಮಾಳಿಗೆಯದೋ ಒಂದು ಪತ್ರಾ ಹಾಳೆಯಂತೆ ತಿರುಗುತ್ತ ಬಂದು ನಮ್ಮ ಕಂಪೌಂಡಿಗೆ ಅಪ್ಪಳಿಸಿತು. ಕೂಸು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅದರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಹದಿನೈದು ಇಪ್ಪತ್ತು ನಿಮಿಷ ಇರಬಹುದು. ಕೂಸಿಗೆ ತಾಯಿಯಿದ್ದಾಳೋ ಇಲ್ಲವೋ ಎಂದು ತಿಳಿಯದೆ ಅದನ್ನು ಹಿಡಿದು ನಿಂತ ಆ ಹೊತ್ತು ನನಗೆ ಒಂದು ರಾತ್ರಿಯಷ್ಟಾಯಿತು.

ಮಳೆ ಇಳಿದ ಮೇಲೆ ಕಂದೀಲು ಹಿಡಿದು ಅತ್ತೆಯೂ ನಾನೂ ಹೋದೆವು. ಇಟ್ಟಿಗೆ ರಾಶಿಯ ಮರೆಯಲ್ಲಿ ತಾಡಪತ್ರಿ ನೆಲಕ್ಕೆ ಅಂಟಿ ಮಲಗಿತ್ತು. ಅದರ ಒಂದು ತುದಿ ಎದ್ದಿತು. ಒಳಗಿಂದ ಆಕೆ ಹೊರಗೆ ಬಂದಳು. ಗಾಳಿ ಬಂದ ಕೂಡಲೇ ಬಿದಿರು ಕೆಳಗಿಳಿಸಿ, ತಾಡಪತ್ರಿಯನ್ನು ಜೋಳದ ಚೀಲ, ಹಾಸಿಗೆ, ಪಾತ್ರೆಗಳ ಮೇಲೆ ಹಾಸಿ, ಅಂಚಿಗೆ ಇಟ್ಟಿಗೆ ಹೇರಿ, ತಾನೂ ಅದರ ಕೆಳಗೆ ತೂರಿ ಮಲಗಿದ್ದಳು. ಹುಗಿದ ಕಲ್ಲಿನ ಹಗ್ಗ ಒಂದೂ ಕಳಚಿರಲಿಲ್ಲ.

“ಗಾಳಿ ಮುಂದ ನಿಂದ್ರಬಾರ್ದು ಯಕ್ಕಾ, ಕುಂದ್ರಬೇಕು. ನಿಂತದ್ದನ್ನ ಅದು ಒಯ್ತದ” ಎಂದಳು. ಕೂಸನ್ನು ಇಸಿದುಕೊಂಡು ಅದರ ನೆತ್ತಿ ಮೂಸಿದಳು. ಆಗ ಮಾತ್ರ ಆಕೆಯ ಕೈ ನಡುಗಿದ್ದನ್ನು ಕಂಡೆ.

ಆ ರಾತ್ರಿ ಅವರು ನಮ್ಮ ಪಡಸಾಲೆಯಲ್ಲಿ ಮಲಗಿದರು. ಬೆಳಿಗ್ಗೆ ನಾನು ಎದ್ದು ನೋಡುವಷ್ಟರಲ್ಲಿ ಹಾಸಿಗೆ ಮಡಚಿ, ಪಡಸಾಲೆ ಕಸ ಹೊಡೆದು ಹೋಗಿದ್ದಳು. ಆಚೆ ಗುಡಾರ ಎದ್ದು ನಿಂತಿತ್ತು. ಒಲೆಯ ಹೊಗೆ ಬರುತ್ತಿತ್ತು. ಅತ್ತೆ ಪ್ಲಾಟಿನ ಯಜಮಾನರು ಬಂದಾಗ ಅವರನ್ನು ಕರೆದು ಕೂಡಿಸಿ, ಚಹಾ ಕೊಟ್ಟು, “ನಿಮ್ಮ ಸಿಮೆಂಟಿಗಿ ಪತ್ರಾದ ಶೆಡ್ಡು ಅದ, ಕೂಸಿಗಿ ಇಲ್ಲ” ಎಂದಷ್ಟೇ ಹೇಳಿದರು. ಅವರು ಮುಖ ಕೆಳಗೆ ಹಾಕಿ ಚಹಾ ಕುಡಿದರು. ವಾರದೊಳಗೆ ಸಿಮೆಂಟಿನ ಶೆಡ್ಡಿನಲ್ಲಿ ಅರ್ಧ ಜಾಗ ಆ ಸಂಸಾರಕ್ಕೆ ಬಂತು. ಇಟ್ಟಿಗೆಯ ಗೋಡೆ, ಮೇಲೆ ಪತ್ರಾ, ಪತ್ರಾದ ಮೇಲೆ ಆಕೆಯೇ ಹೇರಿದ ಕಲ್ಲುಗಳು.

ಹುಡುಗಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ಎಂದಿನಂತೆ ನಗಲಿಲ್ಲ. “ಕುಂದ್ರಬೇಕು ಅಂದಳಾ?” ಎಂದು ಮತ್ತೊಮ್ಮೆ ಕೇಳಿದಳು. ಅಲ್ಲಿಯೂ ಗಾಳಿ ಮಿತಿ ಮೀರಿದರೆ ಗುಡಾರ ಹಿಡಿದು ಹೋರಾಡಬೇಡಿ, ಮೊದಲು ಕೆಳಗೆ ಮಡಚಿ ಹಾಕಿ ಎಂದೇ ಹೇಳುತ್ತಾರಂತೆ. ಗಂಡಸರು ಕೇಳುವುದಿಲ್ಲ ಎಂದಳು.

ಮನೆ ಮುಗಿಯಿತು. ಕಮಲಾಪುರದ ಸಂಸಾರ ತಾಡಪತ್ರಿ ಮಡಚಿಕೊಂಡು ಎರಡು ಓಣಿ ಆಚೆ ಇನ್ನೊಂದು ಪ್ಲಾಟಿಗೆ ಹೋಯಿತು. ಗೃಹಪ್ರವೇಶಕ್ಕೆ ಹಂದರ ಹಾಕಲು ಬಂದವರು ನಮ್ಮ ಪರಿಚಯದ ಚಾಚಾನೇ. ಒಂದು ಹಿಡಿ ಮಣ್ಣು ತೂರಿ ನೋಡಿ, ಗಾಳಿಯ ಕಡೆಯ ಮೂಲೆಗೆ ಹೋದರು. ಅಲ್ಲಿ ಬಗ್ಗಿ, ನೆಲದಿಂದ ಹೊರಬಂದಿದ್ದ ತಂತಿಯ ಉಂಗುರಕ್ಕೆ ಕೈ ಹಾಕಿ ಜಗ್ಗಿದರು. ಕದಲಲಿಲ್ಲ. ಕಾಲು ಊರಿ ಎರಡೂ ಕೈಯಿಂದ ಜಗ್ಗಿದರು.

“ಯಾರ್ರಿ ಇದನ್ನ ಹುಗದೋರು?” ಎಂದು ಕಂಪೌಂಡಿನ ಆಚೆಯಿಂದ ನನ್ನನ್ನು ಕೇಳಿದರು.

ಹೇಳಿದೆ. ಚಾಚಾ ತಲೆದೂಗಿ, ಗೂಟ ಹಿಡಿದು ನಿಂತಿದ್ದ ಹುಡುಗನನ್ನು ಆಚೆ ಕಳಿಸಿ, ತಮ್ಮ ದೊಡ್ಡ ಹಗ್ಗವನ್ನು ಆ ಉಂಗುರಕ್ಕೇ ಬಿಗಿದರು.